ಮಲಗುವಾಗ ತೊಡುವಂಥದ್ದು

ಮಲಗುವಾಗ ಎಂಬ ಮಾತನ್ನು ನೀಲಾವತಿ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ತುಟಿಯಲ್ಲೇ ಆಡಿ ನೋಡಿದಳು. ದನಿ ಹೊರಡಲಿಲ್ಲ. ತೆರಕಣಾಂಬಿ ದಾಟಿ ಬಸ್ಸು ಚಾಮರಾಜನಗರದ ಕಡೆ ಓಡುತ್ತಿತ್ತು. ಮಾತು ಮಾತ್ರ ಗುಂಡ್ಲುಪೇಟೆಯಲ್ಲಿ ಹತ್ತುವಾಗ ಎಲ್ಲಿತ್ತೋ ಅಲ್ಲೇ, ಗಂಟಲ ಕೆಳಗೆ ಕೂತಿತ್ತು. ಮನೆಯಲ್ಲಿ ದಿನವೂ ಆಡುವ ಮಾತು ಅದು. ಮಗು ಮಲಗಿತಾ, ನಾಯಿ ಎಲ್ಲಿ ಮಲಗಿದೆ, ಗಾಳಿಗೆ ಜೋಳವೆಲ್ಲ ಮಲಗಿಬಿಟ್ಟಿತು ಎನ್ನುವಾಗ ಅದಕ್ಕೆ ಯಾವ ನಾಚಿಕೆಯೂ ಇಲ್ಲ. ಗೊತ್ತಿಲ್ಲದ ಗಂಡಸೊಬ್ಬನ ಎದುರು, ಅವನು ಪೆನ್ನು ಹಿಡಿದು ಕಾಯುತ್ತಿರುವಾಗ, ಹೆಂಗಸಿನ ಬಟ್ಟೆಯ ಜೊತೆ ಸೇರಿಸಿ ಆಡಬೇಕೆಂದರೆ ಅದೇ ಮಾತು ಹೆಗಲಿನಿಂದ ಸೆರಗು ಜಾರಿದಂತೆ ಆಗುತ್ತದೆ. ಮುಂದಿನ ಸೀಟಿನಲ್ಲಿ ಅವಳು ಕೆಲಸ ಮಾಡುವ ಗುಂಡ್ಲುಪೇಟೆಯ ಬಟ್ಟೆ ಅಂಗಡಿಯ ಮಾಲೀಕ ನಜೀರ್ ಅಹಮದ್ ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಟೋಪಿಯ ಕೆಳಗಿನ ನರೆಗೂದಲು, ಬೆವರಿಗೆ ಕುತ್ತಿಗೆಗೆ ಅಂಟಿದ ಕಾಲರು, ಇಷ್ಟು ಅವಳಿಗೆ ಕಾಣುತ್ತಿತ್ತು. ಹತ್ತುವ ಮೊದಲು ಅವರು ಹೇಳಿದ್ದೂ ಇಷ್ಟೇ: "ನಾನೇನೂ ಹೇಳ್ಕೊಡಲ್ಲ ನೀಲಮ್ಮ. ಇರೋದನ್ನ ಹೇಳ್ಬುಡು." ಇರುವುದು ಯಾವುದು ಎಂದು ಅವಳು ಬೆಳಿಗ್ಗೆ ತನ್ನೂರು ಹಂಗಳದಲ್ಲಿ ಮೊದಲ ಬಸ್ಸು ಹತ್ತಿದಾಗಿನಿಂದ ಹುಡುಕುತ್ತಿದ್ದಳು.

ಬಂದರಿನಲ್ಲಿ ನಿಂತುಬಿಟ್ಟಿದ್ದುದು ನೈಟಿ. ಜೀವಮಾನವಿಡೀ ಬೇರೆಯವರ ಕೈಯಿಂದ ಕೊಂಡು ಮಾರಿದ ನಜೀರ್ ಅಹಮದ್ ಈಚೆಗೆ ತಾವೇ ಹೊರದೇಶದಿಂದ ತರಿಸತೊಡಗಿದ್ದರು. ಮೊದಲು ಬಂದ ಸಣ್ಣ ಸರಕು ಹಬ್ಬಕ್ಕೆ ಮುಂಚೆಯೇ ಖರ್ಚಾಯಿತು. ಮೈಗೆ ಅಂಟದ, ಒಗೆದರೆ ಬಣ್ಣ ಬಿಡದ, ಮುಂದೆ ಜಿಪ್ಪು ಪಕ್ಕಕ್ಕೆ ಜೇಬು ಇದ್ದ ನೈಟಿಯನ್ನು ಹೆಂಗಸರು ಮುಟ್ಟಿ ಮುಟ್ಟಿ ಕೊಂಡರು. ಆ ಧೈರ್ಯದ ಮೇಲೆ ಇದ್ದಬದ್ದದ್ದನ್ನೆಲ್ಲ ಸುರಿದು ತರಿಸಿದ ದೊಡ್ಡ ಸರಕನ್ನು ಕಸ್ಟಮ್ಸ್‌ನವರು ತಡೆದರು. ಇದು ಮಲಗುವಾಗ ತೊಡುವ ಬಟ್ಟೆಯಲ್ಲ, ಹಗಲು ಹೊರಗೆ ತೊಡುವ ಗೌನು. ರಾತ್ರಿ ಉಡುಪು ಎಂದು ನೀವು ಬರೆದುಕೊಟ್ಟದ್ದು ಸುಳ್ಳು ಎಂದರು. ಸುಂಕದ ಪಟ್ಟಿಯಲ್ಲಿ ಅದಕ್ಕೊಂದು ಸಾಲು, ಇದಕ್ಕೊಂದು ಸಾಲು. ಸಾಲು ಬದಲಾದರೆ ಸುಂಕ ಬೇರೆ. ಸುಳ್ಳು ಎಂದು ಠರಾವಾದರೆ ಸರಕೇ ಜಪ್ತಿ. ಸರಕು ಹೋದರೆ ಅಂಗಡಿ ಉಳಿಯುವುದಿಲ್ಲ. ಬರೀ ಬಟ್ಟೆ ನೋಡಿದರೆ ತೀರ್ಮಾನವಾಗುವಂತಿರಲಿಲ್ಲ. ಮಾರುವ ಊರಿನಲ್ಲಿ ಜನ ಅದನ್ನು ಏನೆಂದು ತಿಳಿದಿದ್ದಾರೋ ವಿಚಾರಿಸಿ ಬರಲು ಇನ್ಸ್‌ಪೆಕ್ಟರ್ ರಾಜಶೇಖರ್ ಎಂಬವರು ಒಂದು ಮಧ್ಯಾಹ್ನ ಅಂಗಡಿಗೇ ಬಂದಿದ್ದರು.

ಕೆಟ್ಟ ಮನುಷ್ಯನೇನಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದರು, ನೀರು ಕೇಳಿ ಕುಡಿದರು. ಒಂದು ನೈಟಿಯನ್ನು ಕೌಂಟರಿನ ಮೇಲೆ ಹರವಿ ಅದರ ಜೇಬಿನೊಳಗೆ ಕೈ ಇಟ್ಟರು. "ಅಲ್ರೀ ಸಾಬ್ರೇ, ಮಲಗೋರಿಗೆ ಜೇಬ್ಯಾಕೆ ಬೇಕು?" ಎಂದರು. ನಜೀರ್ ಅಹಮದ್, "ಸಾರ್, ನಮ್ಮನೆಯೋರು ಬೀರು ಬೀಗದ ಕೈ ಇಟ್ಕೊಂಡೇ ಮಲಗದು. ನನ್ ಮೇಲೆ ಅಷ್ಟು ನಂಬಿಕೆ" ಎಂದದ್ದಕ್ಕೆ ಪಕ್ಕದ ಚಪ್ಪಲಿ ಅಂಗಡಿಯಿಂದ ನೋಡಲು ಬಂದು ನಿಂತಿದ್ದ ಗಂಡಸರೆಲ್ಲ ನಕ್ಕರು. ರಾಜಶೇಖರ್ ಕೂಡ ನಕ್ಕರು. ಆ ನಗು ಇನ್ನೂ ಮುಗಿಯದೆ ಇರುವಾಗಲೇ ಅವರು ನೀಲಾವತಿಯ ಕಡೆ ತಿರುಗಿದ್ದು. "ನೀವು ಹೇಳಿಮ್ಮ. ಇದನ್ನ ಹೆಂಗಸರು ಯಾವಾಗ ಹಾಕ್ಕೊಳ್ತಾರೆ?" ಅಷ್ಟು ಮುಖಗಳೂ ಅವಳ ಕಡೆ ತಿರುಗಿದವು. ಮುಖಗಳ ಮೇಲೆ ನಗು ಹಾಗೇ ಉಳಿದಿತ್ತು. ಹರವಿದ್ದ ಬಟ್ಟೆ ತನ್ನ ಮೈಮೇಲಿಂದಲೇ ಕಳಚಿ ಇಟ್ಟದ್ದು ಎನ್ನಿಸಿ ಅವಳು ಅದರ ತೋಳನ್ನು ಮಡಿಸಿ ಒಳಗೆ ಹಾಕಿದಳು. "ಬೆಳಗಿಂದ ಸಂಜೆಗಂಟ ಹಾಕ್ಕತರೆ ಸಾರ್. ಇದೇನೂ ಕೆಟ್ ಬಟ್ಟೆ ಅಲ್ಲ. ಮೇಲೊಂದು ಟವಲ್ ಹಾಕ್ಕಂಡ್ರೆ ಡೈರಿಗೂ ಓಯ್ತರೆ, ನಲ್ಲಿ ತಾವ್ಕೂ ಓಯ್ತರೆ." "ನೀವೂ ಹೋಗ್ತೀರಾ?" "ಊ ಸಾರ್, ನಾನೂ ಓಯ್ತೀನಿ." ಹೇಳಿ ಮುಗಿಸಿದಾಗ ಅವಳಿಗೆ ಒಳಗೊಳಗೇ ಸಮಾಧಾನವೂ ಆಯಿತು. ಬಟ್ಟೆಯ ಮಾನ ಉಳಿಸಿದೆ ಎಂದುಕೊಂಡಳು. ಅವರು ಬರೆದುಕೊಂಡದ್ದಕ್ಕೆ ರುಜು ಹಾಕಿ ತಲೆ ಎತ್ತಿದರೆ ನಜೀರ್ ಅಹಮದ್ ಗೋಡೆಯ ಕಡೆ ನೋಡುತ್ತಿದ್ದರು.

ಅವಳ ಕಸುಬೇ ಹಾಗೆ ಹೇಳಿಸಿತ್ತು. ಸೊಸೆಗೆ ನೈಟಿ ಬೇಕು, ದುಡ್ಡು ಅತ್ತೆಯ ಸೊಂಟದಲ್ಲಿ. ಇಬ್ಬರೂ ಒಟ್ಟಿಗೆ ಅಂಗಡಿಗೆ ಬರುತ್ತಾರೆ. ಅತ್ತೆಯ ಎದುರು ರಾತ್ರಿ, ಮಲಗುವುದು ಎಂಬ ಮಾತು ಎತ್ತಿದರೆ ಮುದುಕಿಯ ಮುಖ ಗಂಟಾಗುತ್ತದೆ, ವ್ಯಾಪಾರ ಕೆಡುತ್ತದೆ. "ಮನೆ ಬಟ್ಟೆ ಕಣವ್ವ, ಒಲೆ ಮುಂದೆ ಸೀರೆ ಆಳಾಗದಿಲ್ಲ" ಎಂದರೆ ಮುದುಕಿಯೇ ಬಣ್ಣ ಆರಿಸುತ್ತಾಳೆ. ಅಂಗಡಿಯಲ್ಲಿ ಯಾರೂ ಹೇಳಿಕೊಡದೆ ಅವಳೇ ಕಂಡುಕೊಂಡ ದಾರಿ ಅದು. ಎಷ್ಟೋ ಹಬ್ಬ, ಎಷ್ಟೋ ಮದುವೆ ಸಾಗಿದ್ದು ಅದರ ಮೇಲೆ. ಹೇಳಿ ಹೇಳಿ ನಾಲಿಗೆ ಅದಕ್ಕೆ ಒಗ್ಗಿಹೋಗಿ, ಸರ್ಕಾರ ಬಂದು ಕೇಳಿದಾಗಲೂ ಅದೇ ಹೊರಗೆ ಬಂತು. ನಾನೂ ಓಯ್ತೀನಿ ಎಂದದ್ದು ಎಲ್ಲಿಂದ ಬಂತು? ಅದನ್ನು ಮಾತ್ರ ಯಾವ ಅತ್ತೆಗೂ ಅವಳು ಹೇಳಿದವಳಲ್ಲ. ಅಷ್ಟು ಜನ ನೋಡುತ್ತಿದ್ದಾಗ ಎಲ್ಲ ಹೆಂಗಸರ ಹಾಗೆ ತಾನೂ ಒಬ್ಬಳು ಎಂದು ತೋರಿಸಿಕೊಳ್ಳಬೇಕೆನ್ನಿಸಿತ್ತು, ಅಷ್ಟೇ.

ನಜೀರ್ ಅಹಮದ್ ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿಸಬಹುದಿತ್ತು. ಎಂದಿನಂತೆ ಶಟರಿಗೆ ಬೀಗ ಹಾಕಿ, ಎಂದಿನಂತೆ "ಬಸ್ಸದಾ ನೀಲಮ್ಮ?" ಎಂದು ಕೇಳಿ ಹೋದರು. ಬೈದದ್ದು ಅವರ ಹೆಂಡತಿ ವಾಜಿದಾ. ಮಾರನೆಯ ದಿನ ಮಹಡಿಯ ಮನೆಯಿಂದ ಇಳಿದು ಬಂದು, ಗಂಡ ನಮಾಜಿಗೆ ಹೋದ ಹೊತ್ತು ನೋಡಿ, ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. "ಇಷ್ಟು ವರ್ಷ ಮಾರಿದ್ದೀಯಲ್ಲೇ, ಒಂದು ಮಾತು ಹೇಳಕ್ಕೆ ನಿನ್ನ ಬಾಯಿಗೆ ಏನು ಬಂದಿತ್ತು?" "ಗಂಡಸು ಕೇಳ್ತಲ್ಲ ಅಕ್ಕ." "ಗಂಡಸು ಕೇಳಿದ್ರೆ? ಅವನೇನು ನಿನ್ನನ್ನ ಹೆಣ್ಣು ನೋಡಕ್ಕೆ ಬಂದಿದ್ನಾ?" ಇಬ್ಬರಿಗೂ ನಗು ಬಂತು. ವಾಜಿದಾ ನಗುನಗುತ್ತಲೇ ದುಪಟ್ಟಾದ ಅಂಚಿನಿಂದ ಕಣ್ಣು ಒರೆಸಿಕೊಂಡಳು. "ಅವರು ರಾತ್ರಿಯೆಲ್ಲ ಎದ್ದು ಕೂತಿರ್ತಾರೆ ಕಣೆ" ಎಂದಳು. ಡಬ್ಬಿಯಲ್ಲಿ ತಂದಿದ್ದ ಪಲಾವನ್ನು ಅಲ್ಲೇ ಇಟ್ಟು ಹೋದಳು. ತಿನ್ನುವಾಗ ನೀಲಾವತಿಗೆ ಪ್ರತಿ ತುತ್ತೂ ತಾನು ಕೆಡಿಸಿದ್ದರ ಪಾಲು ಎನ್ನಿಸಿತು. ಆದರೂ ಡಬ್ಬಿ ಖಾಲಿ ಮಾಡಿದಳು. ಗುಂಡ್ಲುಪೇಟೆಯಲ್ಲಾಗಲಿ ಹಂಗಳದಲ್ಲಾಗಲಿ ಅವಳು ಉಂಡಳಾ ಎಂದು ಕೇಳುತ್ತಿದ್ದವಳು ವಾಜಿದಾ ಒಬ್ಬಳೇ. ಆಮೇಲೆ ಹೇಳಿಕೆ ತಿದ್ದಬೇಕೆಂದು ಅವಳ ಹೆಸರಿನಲ್ಲಿ ಅರ್ಜಿ ಹಾಕಿ, ಈ ದಿನ ಚಾಮರಾಜನಗರಕ್ಕೆ ಬಂದು ಮತ್ತೆ ಹೇಳಲು ಒಪ್ಪಿಗೆ ಸಿಕ್ಕಿತ್ತು.

ಆದರೆ ಹಗಲು ಹಾಕಿಕೊಳ್ಳುವುದೂ ಸುಳ್ಳಲ್ಲವಲ್ಲ. ತಮ್ಮ ಮಾದೇಶನ ಹೆಂಡತಿ ಭಾಗ್ಯ ಇದೇ ಅಂಗಡಿಯ ನೈಟಿಯಲ್ಲಿ, ಹೆಗಲಿಗೆ ಟವಲು ಹಾಕಿಕೊಂಡು, ಹಾಲಿನ ಕ್ಯಾನು ಹಿಡಿದು ಹಂಗಳದ ಬೀದಿಯಲ್ಲಿ ನಡೆಯುವುದನ್ನು ನೀಲಾವತಿ ದಿನವೂ ನೋಡುತ್ತಾಳೆ. ಭಾಗ್ಯ ಎದುರು ಸಿಕ್ಕವರ ಜೊತೆ ಜೋರಾಗಿ ಮಾತಾಡುತ್ತ, ಕಾಲು ಬೀಸಿ ಹಾಕುತ್ತ ನಡೆಯುತ್ತಾಳೆ. ನೈಟಿಯ ಅಂಚು ಒದ್ದೆಯಾಗಿದ್ದರೂ ಲಕ್ಷ್ಯವಿಲ್ಲ. ಮೊದಮೊದಲು ನೀಲಾವತಿಗೆ ಅದು ಸೋಮಾರಿತನವೆಂದು ತೋರಿತ್ತು. ಆಮೇಲಾಮೇಲೆ ಭಾಗ್ಯ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಯಾಕೆಂದು ತನ್ನನ್ನೇ ಕೇಳಿಕೊಳ್ಳಲು ಹೋಗುತ್ತಿರಲಿಲ್ಲ. ಆ ಮನೆಗೆ ಒಂದು ಕೋಣೆ, ಅದು ಗಂಡಹೆಂಡಿರದು. ನೀಲಾವತಿ ಹಾಲ್‌ನಲ್ಲಿ ಟಿವಿ ಆರಿದ ಮೇಲೆ ಬಾಗಿಲ ಪಕ್ಕ ಚಾಪೆ ಹಾಸುತ್ತಾಳೆ. ಕಾಡಿನ ಅಂಚಿನ ಊರು. ಆನೆ ಹೊಲಕ್ಕೆ ಇಳಿದರೆ ಯಾರಾದರೂ ಓಡಿ ಬಂದು ಬಾಗಿಲು ಬಡಿಯುತ್ತಾರೆ, ಮಾದೇಶ ಎದ್ದು ಟಾರ್ಚು ಹಿಡಿದು ಹೊರಡುವ ಮೊದಲು ಬಾಗಿಲು ತೆಗೆಯುವವಳು ಅವಳೇ. ಬಾಗಿಲಾಚೆ ಗಂಡಸರು. ಅದಕ್ಕೇ ಸೀರೆಯಲ್ಲೇ ಮಲಗುತ್ತಾಳೆ, ಸೆರಗಿನ ಪಿನ್ನು ಸಹ ತೆಗೆಯದೆ. ಹಾಗೆ ಇರಬೇಕೆಂದು ಯಾರೂ ಹೇಳಿಲ್ಲ. ಹೋಗಿ ಮಲಗು ಎಂದು ಬೇರೊಂದು ಜಾಗವನ್ನು ತೋರಿಸಿದವರೂ ಇಲ್ಲ. ಉಮ್ಮತ್ತೂರಿನಲ್ಲಿ, ಮದುವೆಯಾಗಿ ಹೋದ ಮನೆಯಲ್ಲಿ, ಒಂದು ಕೋಣೆಯಿತ್ತು, ಅದಕ್ಕೆ ಗಟ್ಟಿ ಅಗುಳಿಯಿತ್ತು. ಅಗುಳಿ ಹಾಕಿದ ಮೇಲೆ ಭಯ ಒಳಗಡೆಯೇ ಉಳಿಯುತ್ತಿತ್ತು. ವರ್ಷ ತುಂಬುವ ಮೊದಲೇ ಅಲ್ಲಿಂದ ಎದ್ದು ಬಂದಿದ್ದಳು. ಬಂದ ದಿನ ಅವ್ವ ಇದ್ದಳು. ಬಾಗಿಲ ಪಕ್ಕ ಚಾಪೆ ಹಾಸಿ, "ಇವತ್ತೊಂದಿನ ಇಲ್ಲೇ ಬಿದ್ಕೊ, ನಾಳೆ ನೋಡನ" ಎಂದಿದ್ದಳು. ಬಸ್ಸು ನಿಂತಿತು, ಜನ ಎದ್ದರು. ನಜೀರ್ ಅಹಮದ್ ಹಿಂದೆ ತಿರುಗಿ "ಬಂತು" ಎಂದರು.

ಆಫೀಸು ಒಂದು ಕಟ್ಟಡದ ಮೇಲಂತಸ್ತಿನಲ್ಲಿ, ಯಾರದೋ ಕೋಣೆಯನ್ನು ಆ ದಿನದ ಮಟ್ಟಿಗೆ ಬಿಡಿಸಿಕೊಂಡದ್ದು. ಕಿಟಕಿಯಿಂದ ಅರಿಶಿನ ಬೇಯಿಸಿದ ಘಾಟು ಬರುತ್ತಿತ್ತು. ರಾಜಶೇಖರ್ ಇಬ್ಬರನ್ನೂ ಕೂರಿಸಿದರು. ಹಳೆಯ ಹೇಳಿಕೆಯನ್ನು ಓದಿದರು. ಡೈರಿ, ನಲ್ಲಿ, ಟವಲು, ನಾನೂ. ಅವರ ಬಾಯಲ್ಲಿ ಅದು ಯಾರೋ ಧೈರ್ಯವಂತೆ ಹೇಳಿದ ಮಾತಿನಂತೆ ಕೇಳಿಸಿತು.

"ಆವತ್ತು ಹಂಗಂದ್ರಿ, ಇವತ್ತು ಬೇರೆ ಹೇಳ್ತೀನಿ ಅಂತ ಬಂದಿದ್ದೀರಿ. ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ ಸಾರ್."

"ಇವರು ಏನಾದ್ರೂ ಕೊಡ್ತೀನಿ ಅಂದಿದ್ದಾರಾ? ಸಂಬಳ, ಮತ್ತೊಂದು?"

"ಇಲ್ಲ ಸಾರ್. ಏನೂ ಇಲ್ಲ."

"ನಾಳೆ ಕೊಟ್ರೂ ಅದು ಇದಕ್ಕೇ ಕೊಟ್ಟಿದ್ದು ಅಂತಾನೇ ಅರ್ಥ. ಯೋಚನೆ ಮಾಡಿ ಹೇಳಿ" ಎಂದು ಅದನ್ನೂ ಬರೆದುಕೊಂಡರು. ನಜೀರ್ ಅಹಮದ್ ಕುರ್ಚಿಯಲ್ಲಿ ಕದಲಿದರು. ನೀಲಾವತಿ ಉಸಿರು ಹಿಡಿದು, ಬಸ್ಸಿನಲ್ಲಿ ಹೊರಡದೆ ಇದ್ದ ಮಾತನ್ನು ಹೇಳಿಯೇಬಿಟ್ಟಳು. "ಅದು ಮನಿಕೊಳ್ಳಾಗ ಹಾಕ್ಕೊಳ್ಳದು ಸಾರ್." ಕೋಣೆಯಲ್ಲಿ ಏನೂ ಆಗಲಿಲ್ಲ. ರಾಜಶೇಖರ್ ತಲೆಯನ್ನೂ ಎತ್ತಲಿಲ್ಲ. ಇಷ್ಟಕ್ಕೆ ಇಷ್ಟು ದಿನ ಬೆವರಿದೆನಾ ಎಂದು ಅವಳಿಗೆ ನಾಚಿಕೆಯಾಯಿತು.

"ನೋಡಿಮ್ಮ" ಎಂದು ಅವರು ಪೆನ್ನು ಕೆಳಗಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಕೆಲಸ ಕೊಟ್ಟಿರೋ ಮಾಲೀಕನ ಪಕ್ಕ ಕೂತ್ಕೊಂಡು ನೀವು ಈ ಮಾತು ಹೇಳಿದ್ರೆ ಮೇಲಿನೋರು ನಂಬಲ್ಲ. ಆವತ್ತಿನದೇ ನಿಜ ಅಂತಾರೆ. ನೀವೇ ಹಾಕ್ಕೊಂಡು ಡೈರಿಗೆ ಹೋಗ್ತೀನಿ ಅಂದಿದ್ದೀರಿ."

"ಅದು ಸುಳ್ಳು ಸಾರ್. ನಾನು ಹಾಕ್ಕೊಳಲ್ಲ."

"ಹೊರಗೆ ಹಾಕ್ಕೊಳಲ್ವಾ?"

"ಒಳಗೂ ಇಲ್ಲ. ಯಾವತ್ತೂ ಹಾಕ್ಕಂಡಿಲ್ಲ."

ರಾಜಶೇಖರ್ ಮೊದಲ ಸಲ ಅವಳ ಮುಖವನ್ನು ನೋಡಿದರು. "ದಿನಾ ಮಾರ್ತೀರಿ. ಒಂದು ಸಲಾನೂ ಹಾಕ್ಕೊಂಡಿಲ್ಲ ಅಂದ್ರೆ, ಯಾಕೆ?"

ಇಷ್ಟವಿಲ್ಲ ಎಂದುಬಿಡಬಹುದಿತ್ತು. ನಮ್ಮ ಕಡೆ ಪದ್ಧತಿಯಿಲ್ಲ ಎನ್ನಬಹುದಿತ್ತು. ಅವೆರಡೂ ನಾಲಿಗೆಯ ತುದಿಗೆ ಬಂದು, ಈ ಕೆಲಸಕ್ಕೆ ಸಾಲವು ಎಂದು ಅವಳಿಗೇ ಗೊತ್ತಾಗಿ ಹಿಂದೆ ಸರಿದವು. ಪಕ್ಕದಲ್ಲಿ ನಜೀರ್ ಅಹಮದ್ ಕೈಬೆರಳು ಒಂದಕ್ಕೊಂದು ಹೆಣೆದು ಕೂತಿದ್ದರು. ಇಷ್ಟು ವರ್ಷ ಅವರ ಎದುರು ಅವಳು ಹಂಗಳದಲ್ಲಿ ಮನೆಯಿರುವ ಹೆಂಗಸು. ನಮ್ಮನೇಲಿ ಇವತ್ತು ಸೊಪ್ಪಿನ ಸಾರು ಅಣ್ಣ, ನಮ್ಮನೇಲಿ ಹಸ ಕರು ಹಾಕ್ಯದೆ ಎನ್ನುತ್ತಿದ್ದವಳು. ಅವಳು ಅವರ ಬೆರಳುಗಳನ್ನು ನೋಡುತ್ತಲೇ ಹೇಳಿದಳು.

"ನಂಗೆ ಮನಿಕೊಳ್ಳಾಕೆ ಅಂತ ಒಂದು ಜಾಗ ಇಲ್ಲ ಸಾರ್. ಹಾಲ್ನಾಗೆ, ಬಾಗ್ಲತಾವ ಮನಿಕತೀನಿ. ಆನೆ ಬಂದದೆ ಅಂತ ಸರೊತ್ನಲ್ಲಿ ಗಂಡಸ್ರು ಬಾಗ್ಲು ಬಡಿತರೆ. ನಾನೇ ತೆಗಿಬೇಕು. ಈ ಬಟ್ಟೇಲಿ ಎಂಗೆ ತೆಗೀಲಿ? ಅದ್ಕೆ ಸೀರೇಲೇ ಮನಿಕತೀನಿ. ಪಿನ್ನೂ ತೆಗೆಯಲ್ಲ. ಅದು ಹಗಲೊತ್ತು ಹಾಕ್ಕೊಳ್ಳೋ ಬಟ್ಟೆ ಆಗಿದ್ರೆ ನಾನು ಎಂದೋ ಹಾಕ್ಕಂಡಿರ್ತಿದ್ದೆ."

"ಮತ್ತೆ ಡೈರಿಗೆ ಹೋಗೋರು?"

"ನನ್ ತಮ್ಮನ ಹೆಂಡ್ತಿ ಓಯ್ತಳೆ. ರಾತ್ರಿ ಹಾಕ್ಕಂಡಿದ್ದನ್ನ ಬೆಳಿಗ್ಗೆ ಬಿಚ್ಚಿರಲ್ಲ, ಅಷ್ಟೆಯ. ಎಲ್ಲರೂ ಅಂಗೇ. ಅವಳ ಮನೆ, ಅವಳ ಬೀದಿ. ಯಾರ್ ಕೇಳ್ತರೆ?"

ಫ್ಯಾನು ಕಿರುಗುಡುತ್ತಿತ್ತು. ರಾಜಶೇಖರ್ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. ಬರೆಯತೊಡಗಿದ ಮೇಲೆ ನಿಲ್ಲಿಸಲಿಲ್ಲ. ಮುಗಿಸಿ, ನಿಯಮದಂತೆ ಓದಿ ಹೇಳಿದರು: ಸದರಿ ಉಡುಪು ಮಲಗುವ ವೇಳೆ ಧರಿಸತಕ್ಕದ್ದಾಗಿದ್ದು, ನನಗೆ ಪ್ರತ್ಯೇಕ ಮಲಗುವ ಸ್ಥಳ ಇಲ್ಲದ ಕಾರಣ ನಾನು ಅದನ್ನು ಎಂದೂ ಧರಿಸಿರುವುದಿಲ್ಲ, ಹಿಂದಿನ ಹೇಳಿಕೆಯನ್ನು ಸಂಕೋಚದಿಂದ ತಪ್ಪಾಗಿ ನೀಡಿರುತ್ತೇನೆ, ಈ ಹೇಳಿಕೆಗಾಗಿ ಯಾರಿಂದಲೂ ಏನನ್ನೂ ಪಡೆದಿರುವುದಿಲ್ಲ, ಪಡೆಯುವುದೂ ಇಲ್ಲ. "ಸರಿಯಿದೆಯಾಮ್ಮ?" ಸರಿಯಾಗಿಯೇ ಇತ್ತು. ತನ್ನ ಬದುಕು ಇಷ್ಟು ಚೊಕ್ಕವಾಗಿ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟು ಇದೆ ಎಂದು ಅವಳಿಗೆ ತಿಳಿದಿರಲಿಲ್ಲ. ರುಜು ಹಾಕಿದಳು. ರಾಜಶೇಖರ್ ಎದ್ದು ನಿಂತು, ನಜೀರ್ ಅಹಮದ್ ಕಡೆ ತಿರುಗಿ, "ಬರೆದು ಕಳಿಸ್ತೀನಿ. ಇದನ್ನ ಅಷ್ಟು ಸುಲಭವಾಗಿ ತಳ್ಳಿಹಾಕಕ್ಕಾಗಲ್ಲ. ನಿಮ್ಮ ಸರಕು ಬಿಡುಗಡೆ ಆಗ್ಬೋದು" ಎಂದರು. ಬಾಗಿಲವರೆಗೆ ಬಂದು ಅವಳನ್ನು ಬೀಳ್ಕೊಟ್ಟರು.

ಮೆಟ್ಟಿಲು ಇಳಿಯುವಾಗ ನಜೀರ್ ಅಹಮದ್ ಮುಂದೆ, ಅವಳು ಹಿಂದೆ. ಬಸ್ ಸ್ಟ್ಯಾಂಡಿನವರೆಗೂ ಹಾಗೇ ನಡೆದರು. ಟೀ ಅಂಗಡಿಯ ಮುಂದೆ ಅವರು ನಿಂತು ಎರಡು ಟೀ ಹೇಳಿದರು. ಒಂದನ್ನು ಅವಳ ಕೈಗೆ ಕೊಟ್ಟರು. "ಎಂಥ ಮನುಷ್ಯ ನಾನು" ಎಂದರು. "ಇಷ್ಟು ವರ್ಷ ಒಂದೇ ಸೂರಡಿ ಇದ್ದು, ಆ ಆಫೀಸರು ಬರ್ಕೊಳೋವಾಗ ನಂಗೆ ಗೊತ್ತಾಗ್ಬೇಕಾ?" ಅವಳು ಟೀ ಊದಿದಳು. "ಗೋಡೌನ್ ಮೇಲೆ ರೂಮೈತೆ ನೀಲಮ್ಮ. ಬರೀ ರಟ್ಟಿನ ಡಬ್ಬ ತುಂಬವೆ. ತೆಗ್ಸಿ, ಸುಣ್ಣ ಹೊಡ್ಸಿ ಕೊಡ್ತೀನಿ. ವಾಜಿದಾ ಪಕ್ಕದಲ್ಲೇ ಇರ್ತಾಳೆ. ಒಳಗಿಂದ ಚಿಲಕ ಐತೆ. ನಾಳೇನೇ ಬಂದ್ಬುಡು."

ಒಂದು ಗಳಿಗೆ ನೀಲಾವತಿ ಆ ಕೋಣೆಯೊಳಗೆ ಇದ್ದಳು. ರಟ್ಟಿನ ಡಬ್ಬಗಳನ್ನು ತರಲು ಎಷ್ಟೋ ಸಲ ಹತ್ತಿದ ಕೋಣೆ; ಒಂದು ಕಿಟಕಿ, ಅದರಾಚೆ ಸಂಪಿಗೆ ಮರ. ಚಾಪೆಯನ್ನು ಎಲ್ಲಿ ಬೇಕೋ ಅಲ್ಲಿ, ನಡುಮಧ್ಯೆ, ಓರೆಯಾಗಿ ಬೇಕಾದರೂ ಹಾಸಬಹುದು. ಸಂತೋಷ ಎದೆಗೆ ಏರುತ್ತಿದ್ದಂತೆಯೇ, ಪಡೆಯುವುದೂ ಇಲ್ಲ ಎಂದು ಓದಿದ ದನಿ ಕಿವಿಗೆ ಬಂತು. ನಾಳೆ ಅವಳು ಆ ಕೋಣೆಗೆ ಹೋದರೆ ಇವತ್ತು ಹೇಳಿದ್ದಕ್ಕೆ ಕೂಲಿ ಸಿಕ್ಕಂತಾಗುತ್ತದೆ. ಕೋಣೆಯಿಲ್ಲ ಎಂದು ಹೇಳಿ ಕೋಣೆ ಗಿಟ್ಟಿಸಿಕೊಂಡಳು ಎನ್ನುತ್ತಾರೆ. ಬೇರೆಯವರು ಅನ್ನುವುದು ಹಾಗಿರಲಿ, ಆ ಕೋಣೆಯಲ್ಲಿ ಕಣ್ಣು ಮುಚ್ಚಿದರೆ ಅವಳಿಗೇ ಹಾಗೆ ಅನ್ನಿಸುತ್ತದೆ.

"ಬ್ಯಾಡಣ್ಣ" ಎಂದಳು. "ಏನೂ ಈಸ್ಕಂಡಿಲ್ಲ, ಈಸ್ಕೊಳ್ಳದೂ ಇಲ್ಲ ಅಂತ ರುಜು ಹಾಕಿವ್ನಿ."

"ಅರೆ, ಅದು ಬೇರೆ ಇದು ಬೇರೆ."

"ನಿಮ್ಗೂ ಬೇರೆ, ನಂಗೂ ಬೇರೆ. ಕಾಗ್ದಕ್ಕೆ ಒಂದೆಯ."

"ಸರಕು ಬಿಟ್ಟು, ಎಲ್ಲ ಮುಗಿದ ಮೇಲೆ?"

ಅವಳು ಲೋಟ ತೊಳೆಯುವ ಬಕೆಟ್ಟಿನ ಪಕ್ಕ ಲೋಟ ಇಟ್ಟಳು. "ಅಕ್ಕಂಗೆ ಇದೇನೂ ಏಳ್ಬ್ಯಾಡಿ ಅಣ್ಣ" ಎಂದಳು. ನಜೀರ್ ಅಹಮದ್ ತಲೆ ಆಡಿಸಿದರು. ಹೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ನಾಳೆಯಿಂದ ವಾಜಿದಾಳ ಡಬ್ಬಿಯಲ್ಲಿ ಒಂದು ಹಿಡಿ ಹೆಚ್ಚು ಅನ್ನವಿರುತ್ತದೆ, ಉಂಡಳಾ ಎಂದು ಕೇಳುವ ದನಿ ಸ್ವಲ್ಪ ಮೆತ್ತಗಾಗಿರುತ್ತದೆ, ಬೈಗುಳ ಇರುವುದಿಲ್ಲ.

ಗುಂಡ್ಲುಪೇಟೆಯಲ್ಲಿ ಇಳಿದು, ಅವರು ಅಂಗಡಿಯ ಕಡೆ ಹೋದ ಮೇಲೆ, ಅವಳು ಹಂಗಳದ ಮೇಲೆ ಬಂಡೀಪುರದ ಕಡೆ ಹೋಗುವ ಬಸ್ಸು ಹತ್ತಿದಳು. ಕಂಡಕ್ಟರ್ ಕೊಟ್ಟ ಟಿಕೆಟನ್ನು ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡಳು. ಪಕ್ಕದಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಮಡಿಲ ತುಂಬ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಮೊಣಕೈ ಮೇಲೆ ಬಿದ್ದಿತ್ತು. ಚೆಂಡು ಹೂವಿನ ಹೊಲಗಳು ಒಂದಾದ ಮೇಲೊಂದು ಬಂದವು. ಪಕ್ಕದವಳ ತೋಳು ಬೆಚ್ಚಗಿತ್ತು. ಅದು ಹಿಂದೆಯೂ ಸರಿಯಲಿಲ್ಲ, ಏನನ್ನೂ ಕೇಳಲಿಲ್ಲ. ನೀಲಾವತಿ ತಲೆಯನ್ನು ಕಿಟಕಿಯ ಸರಳಿಗೆ ಆನಿಸಿದಳು. ಕಣ್ಣು ತಾವಾಗಿಯೇ ಮುಚ್ಚಿದವು.

ಬಸ್ಸು ವೇಗ ತಗ್ಗಿಸಿ ಉಬ್ಬು ಹತ್ತಿಳಿದದ್ದು ತಿಳಿಯಿತು. "ಹಂಗಳ, ಹಂಗಳ, ಯಾರ್ರೀ ಇಳಿಯೋರು, ಬೇಗ ಬನ್ನಿ" ಎಂದು ಕಂಡಕ್ಟರ್ ಕೂಗಿದ್ದೂ ಕೇಳಿಸಿತು. ಯಾರೋ ಇಳಿದರು. ಎದ್ದು ಚೀಲ ಎತ್ತಿಕೊಳ್ಳಬೇಕು ಎಂದು ಕೈಗೆ ಗೊತ್ತಿತ್ತು, ಕೈ ಏಳಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಕತ್ತಲಾಗುತ್ತದೆ, ಮುಂದಿನ ನಿಲುಗಡೆಯಲ್ಲಿ ಇಳಿದು ವಾಪಸ್ಸು ಬರುವ ಬಸ್ಸಿಗೆ ಕೆಲಸವಿಲ್ಲದವಳಂತೆ ಕಾಯಬೇಕು, ಮನೆಯಲ್ಲಿ ಭಾಗ್ಯ ಏನಾದರೂ ಅನ್ನುತ್ತಾಳೆ. ಇದೆಲ್ಲ ಮನಸ್ಸಿಗೆ ಬಂದು, ಬಂದಷ್ಟೇ ಮೆಲ್ಲಗೆ ಹೋಯಿತು.

"ಹಂಗಳ ಟಿಕೆಟು ಇನ್ನೊಂದಿತ್ತಲ್ಲ, ಎಲ್ಲಿ? ಈಯಮ್ಮನ್ದಾ?" ಕಂಡಕ್ಟರನ ದನಿ ಹತ್ತಿರ ಬಂತು.

"ಇದು ಮುಂದ್ಕೆ ಓಗೋದಿರ್ಬೇಕು ಕಣಪ್ಪ" ಎಂದಳು ಪಕ್ಕದವಳು. ಬುಟ್ಟಿಯನ್ನು ಒಂದು ಕಡೆಗೆ ಸರಿಸಿಕೊಂಡಳು. "ಚೆಂದಾಗಿ ಮನಿಕಂಡದೆ. ಎಬ್ಬರುಸ್ಬ್ಯಾಡ, ಪಾಪ."

ಕಂಡಕ್ಟರ್ ಸೀಟಿ ಊದಿದ. ನೀಲಾವತಿ ಕಣ್ಣು ತೆರೆಯಲಿಲ್ಲ.